ಕನ್ನಡಕ ಕೊಟ್ಟರೆ ಮುಗಿಯಿತೇ? ಏರುತ್ತಲೇ ಇದೆ ಮಕ್ಕಳ ಕಣ್ಣಿನ 'ನಂಬರು'

ಬೆಂಗಳೂರು: ಮೂರನೇ ತರಗತಿಯಲ್ಲಿ ಮೈನಸ್ ಒಂದು. ಐದನೇ ತರಗತಿಗೆ ಬರುವಷ್ಟರಲ್ಲಿ ಮೈನಸ್ ಎರಡೂವರೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಮೈನಸ್ ಐದು. ಶಾಲೆಗೆ ಹೋಗುವ ಮಗುವಿಗೆ ಕನ್ನಡಕ ಬಂದ ಬಹಳಷ್ಟು ಮನೆಗಳಲ್ಲಿ ಇಂಥದೊಂದು ಲೆಕ್ಕ ಪರಿಚಿತ. ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾಗುವ ಮುನ್ನ ಕಣ್ಣು ಪರೀಕ್ಷೆಗೆಂದು ಹೋದ ತಂದೆ ತಾಯಿ ಕೇಳುವ ಪ್ರಶ್ನೆಯೂ ಒಂದೇ: 'ಕನ್ನಡಕ ಹಾಕಿಯೂ ನಂಬರು ಏಕೆ ಏರುತ್ತಿದೆ?' ಅದರ ಹಿಂದೆಯೇ ಒಂದು ಅನುಮಾನವೂ ಇರುತ್ತದೆ. ಕನ್ನಡಕ ಹಾಕಿದ್ದರಿಂದಲೇ ಕಣ್ಣು ಹಾಳಾಯಿತೇ?

ಈ ಅನುಮಾನಕ್ಕೆ ವಿಜ್ಞಾನದ ಬೆಂಬಲವಿಲ್ಲ. ಆದರೆ ಪ್ರಶ್ನೆ ಮಾತ್ರ ಸುಳ್ಳಲ್ಲ. ಸಾಮಾನ್ಯ ಕನ್ನಡಕ ದೂರದ ಅಕ್ಷರವನ್ನು ಸ್ಪಷ್ಟಗೊಳಿಸುತ್ತದೆಯೇ ಹೊರತು ಸಮೀಪದೃಷ್ಟಿ ಬೆಳೆಯುವುದನ್ನು ತಡೆಯುವುದಿಲ್ಲ. ಮಕ್ಕಳ ಕಣ್ಣಿನ ಬಗ್ಗೆ ನಮ್ಮ ಆರೋಗ್ಯ ವ್ಯವಸ್ಥೆ ರೂಪಿಸಿಕೊಂಡಿರುವ ಕಾರ್ಯಕ್ರಮಗಳೆಲ್ಲ ಬಹುಪಾಲು ಕನ್ನಡಕ ಕೊಡುವಲ್ಲಿಗೇ ನಿಂತಿವೆ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಬೆಳೆಯುವ ಕಣ್ಣು, ಏರುವ ನಂಬರು

ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ಪ್ರಾಯಕ್ಕೆ ಬರುವ ವೇಳೆಗೆ ಅದು 23ರಿಂದ 24 ಮಿಲಿಮೀಟರ್ ಆಗಿರುತ್ತದೆ. ಬೆಳವಣಿಗೆ ಈ ಮಿತಿಯಲ್ಲಿ ನಿಂತರೆ ದೂರದ ವಸ್ತುವಿನಿಂದ ಬರುವ ಬೆಳಕು ಸರಿಯಾಗಿ ಅಕ್ಷಿಪಟಲದ ಮೇಲೆ ಬೀಳುತ್ತದೆ. ಮಿತಿ ಮೀರಿ ಗುಡ್ಡೆ ಉದ್ದವಾದರೆ ಬಿಂಬ ಅಕ್ಷಿಪಟಲಕ್ಕಿಂತ ಮುಂಚೆಯೇ ಮೂಡಿ, ಕಪ್ಪುಹಲಗೆಯ ಅಕ್ಷರಗಳು ಮಸುಕಾಗುತ್ತವೆ. ಇದೇ ಸಮೀಪದೃಷ್ಟಿ ಅಥವಾ ಮಯೋಪಿಯಾ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು ನಂಬರು ಏರುತ್ತದೆ.

ಒಮ್ಮೆ ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಮಗುವಿನ ಎತ್ತರ ಹೆಚ್ಚುವ ವರ್ಷಗಳಲ್ಲಿ ಕಣ್ಣೂ ಬೆಳೆಯುತ್ತಿರುತ್ತದೆ. ಹೀಗಾಗಿ ಏಳನೇ ವಯಸ್ಸಿನಲ್ಲಿ ಕನ್ನಡಕ ಬಂದ ಮಗುವಿಗೆ ನಂಬರು ಏರಲು ಇನ್ನೂ ಹತ್ತು ವರ್ಷಗಳ ಅವಕಾಶವಿದೆ. ಹದಿನಾಲ್ಕರಲ್ಲಿ ಬಂದವರಿಗೆ ಆ ಅವಧಿ ಕಡಿಮೆ. ಕನ್ನಡಕ ಎಷ್ಟು ಬೇಗ ಬಂದಿದೆಯೋ ಅಪಾಯವೂ ಅಷ್ಟು ಹೆಚ್ಚು ಎಂಬುದು ಇದರ ಸರಳ ಅರ್ಥ.

ಕನ್ನಡಕವೇ ಕಣ್ಣನ್ನು ಕೆಡಿಸುತ್ತದೆ ಎಂಬ ನಂಬಿಕೆಯಿಂದ ಹಲವು ಮನೆಗಳಲ್ಲಿ ಅದನ್ನು ಶಾಲೆಗೆ ಮಾತ್ರ ಸೀಮಿತಗೊಳಿಸುವುದುಂಟು. ಬೇಕಾದುದಕ್ಕಿಂತ ಕಡಿಮೆ ಪವರ್‌ನ ಗಾಜು ಹಾಕಿಸುವ ರೂಢಿಯೂ ಇದೆ. ಇದನ್ನು ಮಲೇಷ್ಯಾದ ಸಂಶೋಧಕರು ಮಕ್ಕಳಲ್ಲಿಯೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. 94 ಮಕ್ಕಳ ಪೈಕಿ ಒಂದು ಗುಂಪಿಗೆ ಪೂರ್ಣ ಪವರ್, ಇನ್ನೊಂದು ಗುಂಪಿಗೆ ಬೇಕೆಂದೇ ಕಡಿಮೆ ಪವರ್ ನೀಡಲಾಗಿತ್ತು. ಎರಡು ವರ್ಷಗಳ ನಂತರ ನೋಡಿದಾಗ, ಕಡಿಮೆ ಪವರ್ ಧರಿಸಿದವರ ನಂಬರೇ ಹೆಚ್ಚು ಏರಿತ್ತು. ಕಡಿಮೆ ಪವರ್‌ನಿಂದ ಕಣ್ಣಿಗೆ ಲಾಭವಾಗುತ್ತದೆ ಎಂಬ ತಿಳಿವಳಿಕೆಗೆ ಅಲ್ಲಿಂದ ಮುಂದೆ ಆಧಾರ ಉಳಿದಿಲ್ಲ.

ಅಂಕಿ ಅಂಶಗಳು ಹೇಳುವುದೇನು?

ದೆಹಲಿಯ 5ರಿಂದ 15 ವರ್ಷದ ಮಕ್ಕಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಮೀಪದೃಷ್ಟಿಯ ಪ್ರಮಾಣ ಶೇ. 7.4ರಷ್ಟಿತ್ತು. 2015ರಲ್ಲಿ ಅದೇ ನಗರದ ಶಾಲಾ ಮಕ್ಕಳ ಬಗ್ಗೆ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಶೇ. 13.1ರಷ್ಟು ಕಂಡುಬಂತು. ಎರಡೂ ಸಮೀಕ್ಷೆಗಳ ವಿಧಾನ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ ದಿಕ್ಕು ಯಾವುದೆಂಬುದು ಸ್ಪಷ್ಟ. ಇನ್ನು ನೆರೆಯ ಮೆಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ 2002ರ ಹೊತ್ತಿಗೆ 7ರಿಂದ 15 ವರ್ಷದವರಲ್ಲಿ ಈ ಪ್ರಮಾಣ ಶೇ. 4.1 ಮಾತ್ರ. ನಗರಕ್ಕೂ ಹಳ್ಳಿಗೂ ಇರುವ ಈ ಅಂತರವನ್ನು ಆನುವಂಶಿಕತೆಯೊಂದರಿಂದಲೇ ವಿವರಿಸಲಾಗದು.

ದೆಹಲಿಯ 2015ರ ಅಧ್ಯಯನ ಮತ್ತೆರಡು ಸಂಗತಿಗಳನ್ನು ಗುರುತಿಸಿತು. ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಯ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚು. ವಾರಕ್ಕೆ 14 ತಾಸಿಗಿಂತ ಹೆಚ್ಚು ಕಾಲ ಹೊರಾಂಗಣದಲ್ಲಿ ಕಳೆಯುವವರಲ್ಲಿ ಕಡಿಮೆ.

ಜಾಗತಿಕ ಚಿತ್ರಣ ಇನ್ನೂ ಗಂಭೀರವಾಗಿದೆ. 2000ನೇ ಇಸವಿಯಲ್ಲಿ ವಿಶ್ವದ ಜನಸಂಖ್ಯೆಯ ಸುಮಾರು ಶೇ. 23ರಷ್ಟು ಮಂದಿಗೆ ಸಮೀಪದೃಷ್ಟಿ ಇತ್ತು. 2050ರ ವೇಳೆಗೆ ಇದು ಅರ್ಧದಷ್ಟಾಗಲಿದ್ದು, ಹತ್ತರಲ್ಲಿ ಒಬ್ಬರಿಗೆ ತೀವ್ರ ಸಮೀಪದೃಷ್ಟಿ ಇರಲಿದೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ತಿಳಿಸಿದೆ.

ಅಪಾಯ ಇರುವುದು ದಪ್ಪ ಗಾಜಿನಲ್ಲಲ್ಲ. ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟಲ ಎಳೆದಂತಾಗಿ ತೆಳುವಾಗುತ್ತದೆ. ಮಧ್ಯವಯಸ್ಸಿನಲ್ಲಿ ಅದು ಹರಿಯುವ, ಕಳಚಿಕೊಳ್ಳುವ ಸಂಭವ ಹೆಚ್ಚು. ಗ್ಲಕೋಮಾ, ಬೇಗನೆ ಬರುವ ಕಣ್ಣಿನ ಪೊರೆ, ದೃಷ್ಟಿಯ ಕೇಂದ್ರಭಾಗವೇ ಸವೆಯುವ ತೊಂದರೆ ಇದರೊಂದಿಗೆ ಸೇರಿಕೊಳ್ಳುತ್ತವೆ. ಈ ಕೊನೆಯ ತೊಂದರೆಯಿಂದ ಹೋದ ದೃಷ್ಟಿಯನ್ನು ಯಾವ ಕನ್ನಡಕವೂ ಮರಳಿಸದು. ನಂಬರು ಒಂದೇ ಒಂದು ಡಯಾಪ್ಟರ್ ಏರದಂತೆ ತಡೆದರೂ ಇದರ ಸಾಧ್ಯತೆ ಸುಮಾರು ಶೇ. 40ರಷ್ಟು ತಗ್ಗುತ್ತದೆ ಎಂದು 2019ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿದೆ.

ಬಿಸಿಲಿನ ಪಾಠ

ಬಿಸಿಲಿಗೂ ಕಣ್ಣಿಗೂ ಏನು ನಂಟು? ತರಗತಿಯ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಇದ್ದರೆ, ಹಗಲಿನ ಬಯಲಿನಲ್ಲಿ ಹತ್ತು ಸಾವಿರ ಲಕ್ಸ್ ದಾಟುತ್ತದೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಸ್ರವಿಸುವ ಡೋಪಮಿನ್ ಕಣ್ಣುಗುಡ್ಡೆಯ ಅತಿಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಸಂಶೋಧಕರು ಬಹುಮಟ್ಟಿಗೆ ಒಪ್ಪಿರುವ ವಿವರಣೆ.

ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಆರು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿಗೆ ಬಿಡಲಾಯಿತು. ಮೂರು ವರ್ಷಗಳ ಬಳಿಕ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಶೇ. 30.4. ಉಳಿದ ಆರು ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಲ್ಲಿಯೇ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಾಂಗಣದ ಗುರಿ ಹಾಕಿಕೊಂಡಿತು. ದಶಕಗಳಿಂದ ಏರುತ್ತಿದ್ದ ಅಲ್ಲಿನ ಪ್ರಾಥಮಿಕ ಶಾಲಾ ಮಕ್ಕಳ ದೃಷ್ಟಿದೋಷದ ಪ್ರಮಾಣ ಆನಂತರ ಇಳಿಮುಖವಾಯಿತು.

ಇದಕ್ಕೆ ವಿರುದ್ಧವಾದ ಪ್ರಯೋಗವನ್ನು ಯಾರೂ ಬಯಸದೆಯೇ ಕೊರೊನಾ ಮಾಡಿ ತೋರಿಸಿತು. ಚೀನಾದ ಫೀಚೆಂಗ್ ಎಂಬಲ್ಲಿ ಹಿಂದಿನ ಐದು ವರ್ಷಗಳಲ್ಲಿ ಆರು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಶೇ. 5.7ನ್ನು ಮೀರಿರಲಿಲ್ಲ. 2020ರಲ್ಲಿ ಮನೆವಾಸ ಮುಗಿಸಿ ಶಾಲೆಗೆ ಮರಳಿದ ಅದೇ ವಯಸ್ಸಿನವರಲ್ಲಿ ಅದು ಶೇ. 21.5ಕ್ಕೆ ಏರಿತ್ತು. ಕರ್ನಾಟಕದಲ್ಲಿ ಆ ವರ್ಷದ ಜೂನ್‌ನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗೆ ಸರ್ಕಾರ ನಿರ್ಬಂಧ ಹೇರಿದಾಗ, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಮಕ್ಕಳ ಕಲಿಕೆಯ ಹಕ್ಕಿನ ಪ್ರಶ್ನೆ ಅಲ್ಲಿ ಮುಖ್ಯವಾಗಿತ್ತು. ಆದರೆ ಬಾಗಿಲುಗಳು ತೆರೆದ ಮೇಲೂ ಮೊಬೈಲ್ ಮಕ್ಕಳ ಕೈಯಿಂದ ಇಳಿಯಲಿಲ್ಲ. ಬಯಲಿನ ಆಟ ಮೊದಲಿನಂತೆ ಮರಳಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹೊರಾಂಗಣದ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯುತ್ತದೆ ಎಂಬುದಕ್ಕೆ ಇರುವಷ್ಟು ಬಲವಾದ ಆಧಾರ, ಈಗಾಗಲೇ ಕನ್ನಡಕ ಹಾಕಿದ ಮಗುವಿನ ನಂಬರನ್ನು ಅದೊಂದೇ ನಿಲ್ಲಿಸುತ್ತದೆ ಎಂಬುದಕ್ಕಿಲ್ಲ. ಅಂಥವರಿಗೆ ಆಟದ ಜತೆ ಚಿಕಿತ್ಸೆಯೂ ಬೇಕಾಗಬಹುದು.

ಚಿಕಿತ್ಸೆ ಇದೆ, ಯಾರಿಗೆ?

ಅಟ್ರೋಪಿನ್ ಎಂಬ ಹಳೆಯ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ರಾತ್ರಿ ಮಲಗುವಾಗ ಕಣ್ಣಿಗೆ ಹಾಕುವುದು ಒಂದು ವಿಧಾನ. ಭಾರತೀಯ ಮಕ್ಕಳಲ್ಲಿ ಶೇ. 0.01ರ ಹನಿಯನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ ನಂಬರಿನ ಏರಿಕೆ ಸರಾಸರಿ 0.16 ಡಯಾಪ್ಟರ್‌ಗೆ ಸೀಮಿತವಾಗಿತ್ತು. ಔಷಧವಿಲ್ಲದ ಹನಿ ಪಡೆದವರಲ್ಲಿ ಅದು 0.35 ಡಯಾಪ್ಟರ್. ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇದೇ ಪ್ರಮಾಣದ ಹನಿಯಿಂದ ಪ್ರಯೋಜನ ಕಾಣಲಿಲ್ಲ. ಹಾಂಕಾಂಗ್‌ನಲ್ಲಿ ನಡೆದ ಪ್ರಯೋಗ ಶೇ. 0.05ರ ಹನಿ ಹೆಚ್ಚು ಪರಿಣಾಮಕಾರಿ ಎಂದಿದೆ. ಯಾವ ಮಗುವಿಗೆ ಎಷ್ಟು, ಎಷ್ಟು ಕಾಲ ಎಂಬುದನ್ನು ನೇತ್ರತಜ್ಞರೇ ನಿರ್ಧರಿಸಬೇಕು. ಔಷಧದಂಗಡಿಯಲ್ಲಿ ಕೇಳಿ ಪಡೆಯುವ ಹನಿ ಇದಲ್ಲ.

ಎರಡನೆಯದು ವಿಶೇಷ ಗಾಜು. ಮಧ್ಯಭಾಗದಲ್ಲಿ ಮಗುವಿಗೆ ಬೇಕಾದ ಪವರ್, ಸುತ್ತಲೂ ನೂರಾರು ಸೂಕ್ಷ್ಮ ಮಸೂರಗಳನ್ನು ಹೊಂದಿರುವ ಇಂಥ ಗಾಜು, ಹಾಂಕಾಂಗ್‌ನಲ್ಲಿ ನಡೆದ ಎರಡು ವರ್ಷಗಳ ಪ್ರಯೋಗದಲ್ಲಿ ನಂಬರಿನ ಏರಿಕೆಯನ್ನು ಸುಮಾರು ಅರ್ಧದಷ್ಟು ತಗ್ಗಿಸಿತು. ಭಾರತದಲ್ಲಿಯೂ ಇವು ದೊರೆಯುತ್ತಿವೆ. ಆದರೆ ಬೆಲೆ ಸಾಮಾನ್ಯ ಗಾಜಿನ ಹಲವು ಪಟ್ಟು. ಮಗುವಿನ ನಂಬರು ಬದಲಾದಂತೆ ಗಾಜನ್ನೂ ಬದಲಿಸಬೇಕು. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿರುವುದು ಸಮಾಧಾನದ ಸಂಗತಿಯಾದರೂ, ಕೂಲಿ ಮಾಡುವ ಕುಟುಂಬಕ್ಕೆ ಈ ಗಾಜು ಇಂದಿಗೂ ದೂರದ ಮಾತು.

ಎಣಿಕೆ ಯಾವುದರದು?

ಶಾಲಾ ಮಕ್ಕಳ ಕಣ್ಣು ತಪಾಸಣೆಗೆ ಯೋಜನೆಗಳ ಕೊರತೆಯಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಕನ್ನಡಕ ನೀಡಲಾಗುತ್ತಿದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಮನೆ ಬಾಗಿಲಿನಲ್ಲೇ ಕಣ್ಣು ತಪಾಸಣೆ ನಡೆಸಿ ಕನ್ನಡಕ ಒದಗಿಸುವ ರಾಜ್ಯದ 'ಆಶಾಕಿರಣ' ಯೋಜನೆಯೂ ಇದೆ. ಕನ್ನಡಕವೇ ಇಲ್ಲದೆ ಕೊನೆಯ ಬೆಂಚಿನಲ್ಲಿ ಕುಳಿತು 'ದಡ್ಡ' ಎನಿಸಿಕೊಳ್ಳುತ್ತಿದ್ದ ಮಗುವಿಗೆ ಇವು ಮಾಡಿರುವ ಉಪಕಾರ ಸಣ್ಣದಲ್ಲ.

ಆದರೆ ಈ ಯೋಜನೆಗಳ ಯಶಸ್ಸನ್ನು ಅಳೆಯುವ ಮಾನದಂಡ ಎಷ್ಟು ಮಂದಿಯ ತಪಾಸಣೆ ಆಯಿತು, ಎಷ್ಟು ಕನ್ನಡಕ ಹಂಚಲಾಯಿತು ಎಂಬುದು. ಕಳೆದ ವರ್ಷ ಕನ್ನಡಕ ಪಡೆದ ಮಗುವಿನ ನಂಬರು ಈ ವರ್ಷ ಎಷ್ಟಾಗಿದೆ ಎಂಬುದು ಆ ಲೆಕ್ಕದ ಮುಖ್ಯ ಪ್ರಶ್ನೆಯಾಗಿಲ್ಲ. ಎರಡು ವರ್ಷ ಹಳೆಯ ಪವರ್‌ನ ಕನ್ನಡಕ ಹಾಕಿಕೊಂಡಿರುವ ಮಗು ಕಾಗದದಲ್ಲಿ 'ಫಲಾನುಭವಿ'. ತರಗತಿಯಲ್ಲಿ ಮಾತ್ರ ಮತ್ತೆ ಮಸುಕು ಕಾಣುತ್ತಿರುವ ವಿದ್ಯಾರ್ಥಿ. ಇನ್ನೊಂದು ವಿಪರ್ಯಾಸವೂ ಇದೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೀಮಿತ. ಸಮೀಪದೃಷ್ಟಿ ಹೆಚ್ಚಾಗಿ ಕಂಡುಬರುವ ಖಾಸಗಿ ಅನುದಾನರಹಿತ ಶಾಲೆಗಳು ಅದರ ವ್ಯಾಪ್ತಿಯ ಹೊರಗಿವೆ.

ಹೊಸ ಯೋಜನೆಗಿಂತ ಇರುವುದರ ಸರಿಯಾದ ಬಳಕೆ ಇಂದಿನ ಅಗತ್ಯ. ಕನ್ನಡಕ ಹಾಕಿದ ಪ್ರತಿ ಮಗುವಿನ ನಂಬರನ್ನು ಶಾಲೆಯ ಆರೋಗ್ಯ ಕಾರ್ಡಿನಲ್ಲಿ ವರ್ಷವರ್ಷವೂ ಬರೆದಿಟ್ಟರೆ, ವೇಗವಾಗಿ ಏರುತ್ತಿರುವವರು ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ. ಅಂಥವರನ್ನು ಜಿಲ್ಲಾಸ್ಪತ್ರೆಗೆ ಕಳುಹಿಸಿ, ಹನಿ ಹಾಕಿ ನಿಖರ ಪರೀಕ್ಷೆ ನಡೆಸಿ, ಅಗತ್ಯವಿದ್ದವರಿಗಷ್ಟೇ ಚಿಕಿತ್ಸೆ ಕೊಡಬಹುದು. ಎಲ್ಲರಿಗೂ ದುಬಾರಿ ಗಾಜು ಬೇಕಾಗುವುದಿಲ್ಲ.

ಬಯಲಿಗಂತೂ ಖರ್ಚೇ ಇಲ್ಲ. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಒಂದು, ಎರಡನೇ ತರಗತಿಗೆ ಮನೆಪಾಠ ಕೊಡಬಾರದೆಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿದೆ. ಇವು ಕಣ್ಣಿಗಾಗಿ ಮಾಡಿದ ನಿಯಮಗಳಲ್ಲದಿದ್ದರೂ ಪಾಲಿಸಿದರೆ ಕಣ್ಣಿಗೂ ಒಳಿತು. ಆದರೆ ಪರೀಕ್ಷೆ ಸಮೀಪಿಸಿದೊಡನೆ ಮೊದಲು ರದ್ದಾಗುವುದು ಆಟದ ಪೀರಿಯಡ್. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ಶಾಲೆಯನ್ನು ಪ್ರಶ್ನಿಸುವ ಪಾಲಕರು ಕಡಿಮೆ, ಮೆಚ್ಚುವವರೇ ಹೆಚ್ಚು.

ಆ ನಲವತ್ತು ನಿಮಿಷದ ಬೆಲೆಯನ್ನು ಮಗು ಆ ವರ್ಷದ ಅಂಕಪಟ್ಟಿಯಲ್ಲಿ ತೆರುವುದಿಲ್ಲ. ನಲವತ್ತನೇ ವಯಸ್ಸಿನಲ್ಲಿ, ಯಾವ ಗಾಜಿನಿಂದಲೂ ಸರಿಪಡಿಸಲಾಗದ ಕಣ್ಣಿನಲ್ಲಿ ತೆರಬೇಕಾಗಬಹುದು. ಕನ್ನಡಕ ಹಂಚಿದ ಲೆಕ್ಕದ ಜತೆಗೆ, ಏರಿದ ನಂಬರಿನ ಲೆಕ್ಕವನ್ನೂ ಕೇಳುವ ಕಾಲ ಬಂದಿದೆ.