ಪಾಳು ಕೃಷಿ ಹೊಂಡಕ್ಕೆ ಮೀನುಮರಿ: ಮೊದಲು ತಳದ ಮಣ್ಣು ನೋಡಿ

ಬಸವಕಲ್ಯಾಣ/ಹುಮನಾಬಾದ್: 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡದ ಪಾಲಿಥೀನ್ ಹರಿದು ಪಾಳು ಬಿದ್ದಿದ್ದರೆ, ಅದಕ್ಕೆ ಮೀನುಮರಿ ಸುರಿಯುವ ಮುಂಚೆ ತಳದ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕು. ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಅಂದರೆ ಸಾಲದು. ಅದು ಹೊಲದ ಮೇಲ್ಮಣ್ಣಿನ ಲೆಕ್ಕ.

ಎರೆ ಮಣ್ಣು ನೀರು ಹಿಡಿಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕೆಂಪು ಜಂಬಿಟ್ಟಿಗೆ ನೆಲದಲ್ಲಂತೂ ಹೊದಿಕೆ ಇಲ್ಲದೆ ನೀರು ನಿಲ್ಲೋದು ಕಷ್ಟ. ಕಾಟ್ಲಾ, ರೋಹುಗೆ ಪಿಎಚ್ 7ರಿಂದ 8.5, ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಬೇಕು. ಆಮ್ಲಜನಕವನ್ನು ನಸುಕಿನಲ್ಲೇ ಅಳೆಯಬೇಕು, ಅದು ತೀರಾ ಇಳಿಯೋದು ಆಗಲೇ. ಮಧ್ಯಾಹ್ನದ ಲೆಕ್ಕ ನಂಬಿದರೆ ಮೋಸ. ಹುಮನಾಬಾದ್ ಕೈಗಾರಿಕಾ ಪ್ರದೇಶದ ಆಸುಪಾಸಿನವರು ಬೋರ್‌ವೆಲ್ ನೀರಿನ ರಾಸಾಯನಿಕ ಪರೀಕ್ಷೆಯನ್ನೂ ಮಾಡಿಸೋದು ಒಳ್ಳೆಯದು.

ಹೆಸರಲ್ಲೇ ಮೀನುಗಾರಿಕೆ ಇರುವ ವಿಶ್ವವಿದ್ಯಾಲಯ ಬೀದರ್‌ನಲ್ಲೇ ಇದೆ. ಹೊಂಡದ ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ಆದರೆ ರೈತರು ಸಾಲ ಮಾಡಿ ಮರಿ ತಂದು ಕೈಸುಟ್ಟುಕೊಳ್ಳೋದಾದರೂ ತಪ್ಪೀತು.