ಪಡಸಾಲೆಯ ಗಾಡಿಯೂ ಟಾಕಿಯ ಸೋರಿಕೆಯೂ



ಗೃಹಸ್ಥಧರ್ಮವೆಂದರೆ ಅತಿಥಿಸತ್ಕಾರ, ದಾನಧರ್ಮಗಳಷ್ಟೇ ಅಲ್ಲ. ಮನೆಯೊಳಗಿನ ಅಪಾಯಗಳನ್ನು ಮುಂದಾಗಿ ಅರಿತು ಮನೆಮಂದಿಯನ್ನು ಕಾಪಾಡುವುದೂ ಅದರ ಒಂದು ಅಂಗವೇ ಆಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಎತ್ತು ಇಲ್ಲದ ಮನೆಗಳು ಹೆಚ್ಚುತ್ತಿವೆ, ಮೋಟರ್ ಸೈಕಲ್ ಇಲ್ಲದ ಮನೆಗಳು ವಿರಳವಾಗುತ್ತಿವೆ. ಹಾಲಿನ ಕ್ಯಾನಿಗೆ, ಕಬ್ಬಿನ ಹೊಲಕ್ಕೆ, ಸಂತೆಗೆ, ಶಾಲೆಗೆ ಅದೇ ವಾಹನ. ಇರುಳಾದೊಡನೆ ಕಳ್ಳರ ಭಯದಿಂದಲೋ ಮಳೆಯ ದೆಸೆಯಿಂದಲೋ ಅದನ್ನು ಪಡಸಾಲೆಯೊಳಗೆ ತಂದು ನಿಲ್ಲಿಸುವ ರೂಢಿ ಅನೇಕ ಮನೆಗಳಲ್ಲಿದೆ. ಅದರ ಪಕ್ಕದಲ್ಲಿಯೇ ಮಕ್ಕಳು ಮಲಗುತ್ತಾರೆ. ದೇವರ ಜಗಲಿಯ ಮೇಲೆ ದೀಪ ಉರಿಯುತ್ತಿರುತ್ತದೆ. ಒಳಗೆ ಒಲೆ ಇರುತ್ತದೆ. ಹೀಗಿರುವಾಗ ಟಾಕಿಯಿಂದ ತೊಟ್ಟಿಕ್ಕುವ ಪೆಟ್ರೋಲನ್ನು ಕೇವಲ ಹಣದ ನಷ್ಟವೆಂದು ಎಣಿಸುವುದು ತರವಲ್ಲ.

ಪೆಟ್ರೋಲಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಹೊತ್ತಿಕೊಳ್ಳುವುದು ಅದರ ದ್ರವವಲ್ಲ, ಆವಿ. ಆ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ ನೀರಿನಂತೆ ನೆಲವನ್ನು ಹಿಡಿದು ಹರಿಯುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆ ಪಾಲು ಬೆರೆತರೂ ಕಿಡಿಗಾಗಿ ಕಾದಿರುತ್ತದೆ. ಆದುದರಿಂದ ದೀಪವು ಗಾಡಿಗೆ ದೂರವಿದೆಯೆಂಬ ಸಮಾಧಾನ ಸಲ್ಲದು. ರಾತ್ರಿ ವಾಸನೆ ಬಂದರೆ ವಿದ್ಯುತ್ ಗುಂಡಿಯನ್ನು ಒತ್ತಬಾರದು, ಕಡ್ಡಿ ಗೀರಬಾರದು. ಉರಿಯುವ ದೀಪವನ್ನು ಆರಿಸಿ, ಮಕ್ಕಳನ್ನು ಹೊರಗೆ ಕಳುಹಿಸಿ, ಬಾಗಿಲು ಕಿಟಕಿಗಳನ್ನು ತೆರೆದು, ಗಾಡಿಯನ್ನು ಚಾಲೂ ಮಾಡದೆ ಕೈಯಿಂದ ತಳ್ಳಿ ಬಯಲಿಗೆ ಒಯ್ಯಬೇಕು. ಬೆಂಕಿ ಹತ್ತಿದರೆ ನೀರು ಸುರಿಯಬಾರದು; ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯನ್ನು ಹರಡುತ್ತದೆ. ಆರಂಭದಲ್ಲಿ ಮರಳು, ಮಣ್ಣು ಎರಚುವುದು ಲೇಸು. ಉರಿ ಬೆಳೆದರೆ ಎಲ್ಲರೂ ಹೊರಗೆ ಬರುವುದೊಂದೇ ದಾರಿ.

ಸೋರಿಕೆ ಎಲ್ಲಿಂದ ಬರುತ್ತದೆ? ಹಗಲಿನಲ್ಲಿ, ಬಯಲಿನಲ್ಲಿ, ಟಾಕಿಯನ್ನು ಒಣಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಕಾದು ನೋಡಿರಿ. ಹಸಿ ಮೂಡುವ ಜಾಗವೇ ಮೂಲ. ಹಳೆಯ ಗಾಡಿಗಳಲ್ಲಿ ಕಾರ್ಬೋರೇಟರಿನ ಕೆಳಗಿನ ನಳಿಕೆಯಿಂದ ತೊಟ್ಟಿಕ್ಕಿದರೆ ದೋಷ ಟಾಕಿಯದಲ್ಲ. ಒಳಗಿನ ಸೂಜಿಗೆ ಕಸ ಸಿಕ್ಕಿರುವ ಸಂಭವವುಂಟು. ಪ್ರತಿ ರಾತ್ರಿ ಪೆಟ್ರೋಲ್ ಕಾಕನ್ನು ಬಂದ್ ಮಾಡಿದರೆ ಈ ಸೋರಿಕೆ ನಿಲ್ಲುತ್ತದೆ. ಕಾಕಿನ ಬುಡದಲ್ಲಿ ಹಸಿ ಕಂಡರೆ ರಬ್ಬರಿನ ಉಂಗುರವನ್ನು ಬದಲಿಸಬೇಕು. ಕಂಠದವರೆಗೆ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಿದರೆ ಪೆಟ್ರೋಲು ಹಿಗ್ಗಿ ಮುಚ್ಚಳದಿಂದ ಹೊರಬರುತ್ತದೆ. ತುಸು ಜಾಗ ಬಿಡುವುದೇ ಅದಕ್ಕೆ ಪರಿಹಾರ. 2020ರ ನಂತರದ ಬಹುತೇಕ ಗಾಡಿಗಳಲ್ಲಿ ಕಾರ್ಬೋರೇಟರ್ ಇಲ್ಲ. ಪಂಪು ಪೆಟ್ರೋಲನ್ನು ಒತ್ತಡದಿಂದ ದೂಡುತ್ತದೆ. ಅವುಗಳ ನಳಿಕೆಯನ್ನು ಮನೆಯಲ್ಲಿ ಬಿಚ್ಚಬಾರದು.

ತಗಡೇ ಸೀಳಿದ್ದರೆ ಕಾರಣವನ್ನು ಬೋಲ್ಟಿನಲ್ಲಿಯೂ ಹುಡುಕಬೇಕು. ಟಾಕಿಯು ಮುಂದೆ ರಬ್ಬರಿನ ಮೇಲೆ ಕುಳಿತು, ಅನೇಕ ಗಾಡಿಗಳಲ್ಲಿ ಹಿಂದೆ ಒಂದೇ ಬೋಲ್ಟಿನಿಂದ ಬಂಧಿತವಾಗಿರುತ್ತದೆ. ಬಿಗಿದ ಬೋಲ್ಟು ಅತ್ಯಲ್ಪವಾಗಿ ಹಿಗ್ಗಿ, ಸ್ಪ್ರಿಂಗಿನಂತೆ ಭಾಗಗಳನ್ನು ಎಳೆದು ಹಿಡಿದಿರುತ್ತದೆ. ಕಬ್ಬಿನ ಟ್ರಾಕ್ಟರುಗಳಿಂದ ಕೆಟ್ಟ ದಾರಿಯ ಕುಲುಕಾಟವೂ ಎಂಜಿನ್ನಿನ ನಡುಕವೂ ಕೂಡಿ ಆ ಹಿಡಿತವನ್ನು ಕ್ರಮೇಣ ಸಡಿಲಿಸುತ್ತವೆ. ಬೋಲ್ಟು ಸಡಿಲಿದ ಟಾಕಿ ಅಲುಗಾಡಿ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕನ್ನು ಮಾತ್ರ ಮುಚ್ಚಿ ಬೋಲ್ಟನ್ನು ಬಿಗಿಯದಿದ್ದರೆ ಅದು ಮತ್ತೆ ಸೀಳುತ್ತದೆ.

ಹಾಗೆಂದು ಬಲವಿದ್ದಷ್ಟೂ ತಿರುಗಿಸುವುದೂ ತಪ್ಪು. 10 ನಂಬರಿನ ಪಾನಾ ಹಿಡಿಯುವ ಚಿಕ್ಕ ಬೋಲ್ಟಿಗೆ, 10 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 10 ಕಿಲೋ ತೂಕದಷ್ಟು ಒತ್ತಡ ಸಾಮಾನ್ಯವಾಗಿ ಸಾಕು. ಮೀರಿದರೆ ಆಟೆ ಸವೆದು ಹೋಗುತ್ತದೆ. ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿದ್ದರೆ, ನೈಲಾನ್ ನಟ್ಟಿನ ಹಿಡಿತ ಸವೆದಿದ್ದರೆ ಹೊಸದನ್ನೇ ಹಾಕಬೇಕು. ತಿಂಗಳಿಗೊಮ್ಮೆ ಟಾಕಿ, ಎಂಜಿನ್, ಸೈಲೆನ್ಸರ್, ಹ್ಯಾಂಡಲುಗಳ ಬೋಲ್ಟುಗಳನ್ನೂ ಗಾಲಿಯ ಅಚ್ಚಿನ ನಟ್ಟನ್ನೂ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಸಂಗತಿ. ನಮ್ಮ ಸೀಮೆ ಕಬ್ಬಿನ ಸೀಮೆ. ಕಬ್ಬಿನಿಂದ ಸಿದ್ಧವಾಗುವ ಎಥನಾಲ್ ಇಂದು ಪೆಟ್ರೋಲಿಗೆ ಬೆರೆಯುತ್ತಿದೆ. ಶೇಕಡಾ 20ರ ಮಿಶ್ರಣವು 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದೆಲ್ಲೆಡೆ ಹಬ್ಬಿತು. ರೈತನಿಗೆ ಅದರಿಂದ ಪ್ರಯೋಜನವುಂಟು. ಆದರೆ ಎಥನಾಲ್ ನೀರನ್ನು ಹೀರುತ್ತದೆ. ಬಹುಕಾಲ ನಿಂತ ಗಾಡಿಯ ಟಾಕಿಯಲ್ಲಿ ಆ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸಬಲ್ಲದು. ಹಳೆಯ ಕಾಲದ ರಬ್ಬರನ್ನೂ ಎಥನಾಲ್ ಕೆಡಿಸಬಲ್ಲದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ನಳಿಕೆ, ಉಂಗುರಗಳನ್ನು ಹೊಸ ಪೆಟ್ರೋಲಿಗೆ ಒಗ್ಗುವಂಥವುಗಳಿಂದ ಬದಲಿಸುವುದು ಅವಶ್ಯ.

ಸೋರುವೆಡೆ ಬಟ್ಟೆಯ ಸಾಬೂನು ತಿಕ್ಕುವ ಹಳ್ಳಿಯ ಉಪಾಯ ಸುಳ್ಳಲ್ಲ. ಸಾಬೂನು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಆದರೆ ಅದು ದಾರಿಯಿಂದ ಗ್ಯಾರೇಜಿಗೆ ಮುಟ್ಟುವಷ್ಟರ ತಾತ್ಕಾಲಿಕ ಆಸರೆ. ಅಂತಹ ಗಾಡಿಯನ್ನು ರಾತ್ರಿ ಮನೆಯೊಳಗೆ ತರಕೂಡದು.

ಕಡೆಯದಾಗಿ, ಅತ್ಯಂತ ಮುಖ್ಯವಾದ ಮಾತು. ಪೆಟ್ರೋಲು ಚೆಲ್ಲಿ ಬರಿದಾದ ಟಾಕಿಯನ್ನು ಹಾಗೆಯೇ ವೆಲ್ಡಿಂಗಿಗೆ ಕೊಡಬೇಡಿರಿ. ತುಂಬಿದ ಟಾಕಿಗಿಂತ ಬರಿದಾದುದು ಹೆಚ್ಚು ಘಾತಕ; ಅದರೊಳಗೆ ಆವಿಯೂ ಗಾಳಿಯೂ ಬೆರೆತು ಸಿಡಿಯಲು ಸಿದ್ಧವಾಗಿರುತ್ತವೆ. ಒಮ್ಮೆ ನೀರಾಡಿಸಿದರೆ ಆವಿ ಹೋಗುವುದಿಲ್ಲ. ಈ ಕೆಲಸವನ್ನು ಬಲ್ಲ, ಟಾಕಿಯನ್ನು ಶುದ್ಧಗೊಳಿಸಿ ಆವಿಯಿಲ್ಲದಂತೆ ಮಾಡಿದ ಮೇಲೆಯೇ ಬೆಸುಗೆಗೆ ಕೈಹಾಕುವ ಮಿಸ್ತ್ರಿಯಲ್ಲಿಗೆ ಹೋಗಿರಿ. ಇಲ್ಲವೇ ಹೊಸ ಟಾಕಿ ಹಾಕಿಸಿರಿ. ಬೇಗ ಕೊಡೆಂದು ಗ್ಯಾರೇಜಿನವನಿಗೆ ಅವಸರ ಮಾಡುವವರು, ಕಿಡಿಯ ಎದುರು ಕುಳಿತಿರುವವನು ಯಾವುದೋ ಮನೆಯ ಮಗನೆಂಬುದನ್ನು ನೆನೆಯಬೇಕು. ಅವನು ಒಂದು ದಿನ ಹೆಚ್ಚು ಕೇಳಿದರೆ ಸಂತೋಷದಿಂದ ಕೊಡೋಣ.