ಶೆಡ್ಡಿಗೆ ಥರ್ಮಾಕೋಲ್ ಹೊಡೆಸೋ ಮುಂಚೆ (ಮಳೆಗಾಲ ಸರಣಿ, ಭಾಗ 3)

‘ಥರ್ಮಾಕೋಲ್ ಹೊಡೆಸಿದ್ರೆ ಥಂಡಿ ಹೋಗುತ್ತೆ’ ಅನ್ನೋದು ನಮ್ಮ ಮಲೆನಾಡಲ್ಲಿ ಈಗ ಓಡ್ತಿರೋ ದೊಡ್ಡ ಸುಳ್ಳು. ಮನೆ ಪಕ್ಕ ಕಾರಿಗೆ ಅಂತ ಒಂದು ಶೀಟ್ ಶೆಡ್, ಅದರ ಮೂಲೆಯಲ್ಲೇ ಅಡಿಕೆ ಚೀಲ. ಜುಲೈ ಬಂದ್ರೆ ಶೀಟ್ ಬೆವರುತ್ತೆ, ಅಡಿಕೆಗೆ ಬೂಷ್ಟು ಹಿಡಿಯುತ್ತೆ, ವರ್ಷದ ದುಡಿಮೆಯ ರೇಟು ಇಳಿಯುತ್ತೆ. ಆಗ ಶೆಡ್ ಕಟ್ಟಿದವರೇ ಬಂದು ಸೀಲಿಂಗ್ ಮಾರ್ತಾರೆ.

ಸೀಲಿಂಗ್ ಬಿಸಿಲಿನ ಕಾವು ತಡೆಯುತ್ತೆ, ಒಪ್ತೀನಿ. ನೀರು ತಡೆಯಲ್ಲ. ಲೆಕ್ಕ ಹಾಕಿ (ಬಿಕಾಂ ಬುದ್ಧಿ, ಬಿಡಲ್ಲ): ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್. 20ಕ್ಕೆ 15 ಅಡಿ ಶೆಡ್ ಸುಮಾರು 28 ಚದರ ಮೀಟರ್. 100 ಮಿ.ಮೀ. ಹೊಡೆದ ದಿನ 2,800 ಲೀಟರ್! ದಂಬೆ ಇಲ್ದಿದ್ರೆ ಅಷ್ಟೂ ಗೋಡೆ ಬುಡಕ್ಕೇ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ, ನೆಲ ಎರಡೂ ಅದನ್ನ ಒಳಗೆ ಎಳ್ಕೊಳ್ತವೆ.

ಎರಡನೇ ಫೋಟೋ ನೋಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಟೇಪ್. ಒಂದು ದಿನ ಬಿಡಿ. ಹಾಳೆ ಅಡಿಗೆ ಹನಿ ಕಂಡ್ರೆ ನೀರು ನೆಲದಿಂದಲೇ ಬರ್ತಿದೆ. ಅದಕ್ಕೆ ಮೇಲೆ ಸೀಲಿಂಗ್ ಹೊಡೆಸಿದ್ರೆ, ಕಾಲಿಗೆ ಮುಳ್ಳು ಚುಚ್ಚಿದ್ರೆ ತಲೆಗೆ ಎಣ್ಣೆ ಹಚ್ಚಿದ ಹಾಗೆ.

ಮೂರನೇದು, ಬಿಚ್ಚಿದ ಸೀಲಿಂಗ್. ಥರ್ಮಾಕೋಲ್ ಮತ್ತು ಶೀಟ್ ನಡುವೆ ಸಂದು ಬಿಟ್ಟಿದ್ರು. ಒಳಗಿನ ಒದ್ದೆ ಗಾಳಿ ಆ ಸಂದಿಗೆ ನುಗ್ಗಿ ತಣ್ಣನೆ ಶೀಟಿಗೆ ತಾಗಿ ನೀರಾಗಿದೆ. ಬೆವರು ನಿಂತಿಲ್ಲ, ಕಣ್ಣಿಗೆ ಕಾಣ್ತಿಲ್ಲ ಅಷ್ಟೇ. ಶೀಟೆಲ್ಲ ತುಕ್ಕು.

‘ಕಿಟಕಿ ತೆಗೆದಿಡಿ’ ಅಂತ ಉಪದೇಶ ಮಾಡೋರೂ ಇದ್ದಾರೆ. ಜಡಿಮಳೆಯಲ್ಲಿ ಹೊರಗಿನ ಗಾಳಿಯೇ ಒದ್ದೆ, ಅದು ಏನನ್ನ ಒಣಗಿಸುತ್ತೆ? ಹೊಳವು ಬಿದ್ದಾಗ ತೆಗೀರಿ.

‘ಅಜ್ಜನ ಹಂಚಿನ ಮನೆ ಬೆಚ್ಚಗಿತ್ತು’ ಅನ್ನೋರಿಗೂ ಒಂದು ಮಾತು. ಅದು ಬರೀ ಹಂಚಿನ ಮಹಿಮೆ ಅಲ್ಲ. ಜಗಲಿ ಎತ್ತರ ಇತ್ತು, ಸೂರಿನ ನೀರು ಗೋಡೆಯಿಂದ ದೂರ ಬೀಳ್ತಿತ್ತು, ಒಳಗೆ ದಿನಾ ಒಲೆ ಉರೀತಿತ್ತು. ನಾವು ಮೂರನ್ನೂ ಬಿಟ್ಟು ಹಂಚನ್ನ ನೆನೆಸ್ಕೊಂಡು ಅಳ್ತೀವಿ.

ಮೊದಲು ದಂಬೆ, ಆಮೇಲೆ ಗೋಡೆ ಸುತ್ತ ಇಳಿಜಾರು ಚರಂಡಿ. ಹೊಸದಾಗಿ ನೆಲ ಹಾಕೋದಾದ್ರೆ ಕಾಂಕ್ರೀಟ್ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಅಡಿಕೆ ಚೀಲ ಮರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ. ನೆನೆದ ಕಾರನ್ನ ಅಂಗಳದಲ್ಲೇ ನೀರಿಳಿಸಿ ಒಳಗೆ ತನ್ನಿ. ಇಷ್ಟಾದ್ಮೇಲೂ ಕಾವು ತಡೀಬೇಕು ಅನ್ಸಿದ್ರೆ ಸೀಲಿಂಗ್ ಹಾಕ್ಸಿ, ಸಂದಿಲ್ಲದೆ ಶೀಟಿಗೆ ಅಂಟಿಸಿ. ಕೊಟೇಶನ್‌ನಲ್ಲಿ ಚರಂಡಿ ಅನ್ನೋ ಪದವೇ ಇಲ್ದಿದ್ರೆ ಅಡ್ವಾನ್ಸ್ ಕೊಡ್ಬೇಡಿ.